ಬ್ಯಾಗಿನಲ್ಲಿ ಮದ್ಯ ಸಿಕ್ಕಿದೆ, ಮಗ ಬಾಯಿ ಬಿಡುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ 15 ವರ್ಷ, ಒಂಬತ್ತನೇ ತರಗತಿ. ಚಿಕ್ಕಂದಿನಿಂದ ಸ್ವಲ್ಪ ಉಗ್ಗು ಇದೆ. ಮೊದಲೆಲ್ಲ ಶಾಲೆಯಿಂದ ಬಂದವನೇ ಅವತ್ತಿನ ಕಥೆ ಪೂರ್ತಿ ಹೇಳುತ್ತಿದ್ದ. ಆರೇಳು ತಿಂಗಳಿಂದ ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಮಾತಾಡಿಸಿದರೆ ಸಿಡುಕುತ್ತಾನೆ. ರಾತ್ರಿ ಎರಡು ಗಂಟೆಯಾದರೂ ನಿದ್ದೆಯಿಲ್ಲ, ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಎಂದರು. ಮಾರ್ಕ್ಸ್ ತುಂಬಾ ಇಳಿದಿದೆ. ಹೋದ ವಾರ ಸ್ಕೂಲ್ ಬ್ಯಾಗ್ ಒಗೆಯಲು ತೆಗೆದಾಗ ನೀರಿನ ಬಾಟಲಿಯಲ್ಲಿ ಕೂಲ್‌ಡ್ರಿಂಕ್ಸ್ ಬೆರೆಸಿದ ಮದ್ಯ ಸಿಕ್ಕಿತು. ನನ್ನ ಯಜಮಾನರು ಬೆಲ್ಟಿನಲ್ಲಿ ಹೊಡೆದರು. ಅವನು ಅಳಲೂ ಇಲ್ಲ. "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ" ಎಂದ, ಅಷ್ಟೇ. ಆಮೇಲೆ ಮಗಳು ಹೇಳಿದಳು: ಕ್ಲಾಸಿನಲ್ಲಿ ಪಾಠ ಓದುವಾಗ ಅವನು ಉಗ್ಗಿದ್ದನ್ನು ಯಾರೋ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದ್ದಾರಂತೆ. ಅವನು ಏನೇ ಬರೆದರೂ ಉತ್ತರವಾಗಿ ಅದೇ ಆಡಿಯೋ ಬರುತ್ತದಂತೆ. ಕುಡಿಯಲು ಕಲಿಸಿದವರೂ ಅದೇ ಹುಡುಗರಂತೆ. ಯಜಮಾನರು "ಗಂಡು ಹುಡುಗ, ಇದನ್ನೆಲ್ಲ ಎದುರಿಸಬೇಕು" ಎನ್ನುತ್ತಾರೆ. ಇದು ವಯಸ್ಸಿನ ಆಟವೋ ಖಿನ್ನತೆಯೋ? ಅವನು ಕುಡಿತಕ್ಕೆ ಬಿದ್ದುಬಿಟ್ಟನೇ? ಶಾಲೆ ಬದಲಿಸಬೇಕೇ? ಮಾತ್ರೆ ಕೊಟ್ಟರೆ ಅದಕ್ಕೇ ಅಂಟಿಕೊಳ್ಳುವುದಿಲ್ಲವೇ?

ಉತ್ತರ: ನೀವು ಕೇಳಿದ ನಾಲ್ಕು ಪ್ರಶ್ನೆಗಳಿಗೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದೆ ಬಿಟ್ಟ ಒಂದು ವಿಷಯ ಅವೆಲ್ಲಕ್ಕಿಂತ ಮುಂಚೆ ಬರಬೇಕು. "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ" ಎಂದನಲ್ಲ, ಆ ಮಾತು. ಏಟು ತಿಂದ ಸಿಟ್ಟಿನಲ್ಲಿ ಬಂದ ಮಾತೂ ಇರಬಹುದು. ಆದರೆ ಹಾಗೆ ಅಂದುಕೊಂಡು ಸುಮ್ನೆ ಇರುವ ಹಾಗಿಲ್ಲ. 15ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೂರನೇ ದೊಡ್ಡ ಕಾರಣ ಆತ್ಮಹತ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂಕಿಅಂಶ ಹೇಳುತ್ತದೆ.

ಇವತ್ತೇ ಅವನನ್ನು ಕೇಳಿ. ಸುತ್ತಿ ಬಳಸಿ ಬೇಡ. "ಅವತ್ತು ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗ್ತಿಲ್ಲ ಕಣೋ. ಸಾಯಬೇಕು ಅಂತ ಅನ್ನಿಸಿದೆಯಾ? ಹೇಗೆ ಅಂತ ಯೋಚನೆ ಮಾಡಿದೀಯಾ?" ಇಷ್ಟೇ ಸಾಕು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಅದು ನಿಜವಲ್ಲ. ಈ ಬಗ್ಗೆ ಸಾಕಷ್ಟು ಅಧ್ಯಯನಗಳಾಗಿವೆ. ಕೇಳುವುದರಿಂದ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ನನ್ನ ಮುಂದೆ ಕೂತ ಎಷ್ಟೋ ಮಕ್ಕಳು ಈ ಪ್ರಶ್ನೆ ಕೇಳಿದ ಕೂಡಲೇ ಉಸಿರು ಬಿಡುತ್ತಾರೆ. ಕೊನೆಗೂ ಯಾರೋ ಕೇಳಿದರಲ್ಲ ಎನ್ನುವ ಹಾಗೆ.

ಅವನು "ಹೌದು" ಎಂದರೆ, ಅದರಲ್ಲೂ ಹೇಗೆ, ಯಾವಾಗ ಎಂದು ಯೋಚಿಸಿಟ್ಟಿದ್ದರೆ, ಅಪಾಯಿಂಟ್‌ಮೆಂಟ್‌ಗಾಗಿ ಕಾಯಬೇಡಿ. ಒಬ್ಬನೇ ಇರಲು ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. "ಇಲ್ಲ" ಎಂದರೂ ಮನೆಯಲ್ಲಿರುವ ಮಾತ್ರೆ, ಕೀಟನಾಶಕ, ಮದ್ಯ ಎಲ್ಲವನ್ನೂ ಬೀಗ ಹಾಕಿಡಿ ಅಥವಾ ಮನೆಯಿಂದಾಚೆ ಸಾಗಿಸಿ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಹರೆಯದಲ್ಲಿ ಸಾಯುವ ಯೋಚನೆ ತೀವ್ರವಾಗುವುದು ಎಷ್ಟೋ ಸಲ ಸ್ವಲ್ಪ ಹೊತ್ತಿನ ಮಟ್ಟಿಗೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಮದ್ಯ ಹೊಟ್ಟೆಯಲ್ಲಿದ್ದರೆ ಹಿಂಜರಿಕೆ ಹೋಗಿಬಿಡುತ್ತದೆ. ಖಿನ್ನತೆ ಮತ್ತು ಕುಡಿತ ಒಟ್ಟಿಗಿರುವ ಮಕ್ಕಳ ಬಗ್ಗೆ ನಮಗೆ ಜಾಸ್ತಿ ಆತಂಕ ಇರುವುದು ಅದಕ್ಕೇ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಬಾಗಿಲು ಹಾಕಿಕೊಳ್ಳುವುದು, ಹೊಟ್ಟೆನೋವು, ಮಾರ್ಕ್ಸ್, ಮದ್ಯ ಎಲ್ಲವನ್ನೂ ನೀವು ಬೇರೆ ಬೇರೆ ತೊಂದರೆಗಳಂತೆ ಬರೆದಿದ್ದೀರಿ. ನನಗೆ ಇದರಲ್ಲಿ ಒಂದೇ ಎಳೆ ಕಾಣುತ್ತಿದೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ಬಾಟಲಿ. ಹುಡುಗನ ಬದುಕಿನಲ್ಲಿ ಅದು ಬಹುಶಃ ಕೊನೆಗೆ ಬಂದದ್ದು. ಬಾಟಲಿಯಿಂದ ವಿಚಾರಣೆ ಶುರು ಮಾಡಿದರೆ ಅವನು ಆರೋಪಿಯಾಗುತ್ತಾನೆ. ಆರೋಪಿ ಬಾಯಿ ಬಿಡುವುದಿಲ್ಲ. ಆ ಆಡಿಯೋದಿಂದ ಶುರು ಮಾಡಿದರೆ ಅವನು ನಿಮ್ಮ ಮಗನಾಗಿಯೇ ಉಳಿಯುತ್ತಾನೆ.

ನಿಮ್ಮ ಯಜಮಾನರು "ಎದುರಿಸಬೇಕು" ಎನ್ನುತ್ತಿರುವುದು ಕೀಟಲೆ ಮತ್ತು ಕಿರುಕುಳ ಎರಡೂ ಒಂದೇ ಎಂದುಕೊಂಡು. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯುಸ್ 1970ರ ದಶಕದಿಂದಲೇ ಇದನ್ನು ಅಧ್ಯಯನ ಮಾಡಿದರು. ಅವರು ಹೇಳಿದ ಮೂರು ಗುರುತುಗಳನ್ನು ನಾವು ಇವತ್ತಿಗೂ ಬಳಸುತ್ತೇವೆ. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ಮಾಡುವುದು, ನೋಯಿಸುವವರ ಕೈ ಮೇಲಾಗಿರುವುದು. ಮೂರನೆಯದೇ ಮುಖ್ಯ. ಸ್ನೇಹಿತರು ಒಬ್ಬರನ್ನೊಬ್ಬರು ರೇಗಿಸುವಾಗ ಇವತ್ತು ಇವನ ಸರದಿ, ನಾಳೆ ಅವನದು. ಇಬ್ಬರೂ ನಗುತ್ತಾರೆ. ನಿಮ್ಮ ಮಗನ ಗ್ರೂಪಿನಲ್ಲಿ ಸರದಿ ಬದಲಾಗುತ್ತಿಲ್ಲ. ಅವನು "ನಾಳೆ ಪ್ರಾಜೆಕ್ಟ್ ತರಬೇಕಾ?" ಎಂದು ಬರೆದರೂ ಅವನದೇ ಉಗ್ಗಿನ ಆಡಿಯೋ ಉತ್ತರವಾಗಿ ಬರುತ್ತದೆ. ಹಿಂದೆಲ್ಲ ಶಾಲೆ ಬಿಟ್ಟ ಮೇಲೆ ಮನೆ ಸೇರಿದರೆ ಅವತ್ತಿಗೆ ಮುಗಿಯುತ್ತಿತ್ತು. ಈಗ ಅದು ರಾತ್ರಿ ಎರಡು ಗಂಟೆಗೆ ದಿಂಬಿನ ಪಕ್ಕವೇ ಇರುತ್ತದೆ. ನಿದ್ದೆ ಯಾಕೆ ಬರುತ್ತಿಲ್ಲ ಎಂಬುದಕ್ಕೆ ಒಂದು ಉತ್ತರ ಇಲ್ಲೇ ಇದೆ, ಅಲ್ವಾ?

ಇದರಿಂದ ಗಟ್ಟಿಯಾಗುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ. ಬ್ರಿಟನ್‌ನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ದಶಕಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. 7 ಮತ್ತು 11ನೇ ವಯಸ್ಸಿನಲ್ಲಿ ಪದೇ ಪದೇ ಕಿರುಕುಳ ಅನುಭವಿಸಿದವರಲ್ಲಿ 50ನೇ ವಯಸ್ಸಿನಲ್ಲೂ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚಾಗಿದ್ದವು. ಹಾಗೆಂದು ಎಲ್ಲರ ಬದುಕೂ ಹಾಳಾಯಿತು ಎಂದಲ್ಲ. ಕಿರುಕುಳ ಎಷ್ಟು ಬೇಗ ನಿಲ್ಲುತ್ತದೆ, ಮನೆ ಎಷ್ಟು ಬೆಂಬಲಕ್ಕೆ ನಿಲ್ಲುತ್ತದೆ ಎನ್ನುವುದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಉಗ್ಗಿನ ಬಗ್ಗೆಯೂ ಒಂದು ಮಾತು. ಅದು ಪುಕ್ಕಲುತನದಿಂದ ಬರುವುದಲ್ಲ. "ನಿಧಾನವಾಗಿ ಮಾತಾಡು, ಹೆದರಬೇಡ" ಎಂದು ಮನೆಯಲ್ಲಿ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅವನು ವಾಕ್ಯ ಮುಗಿಸುವವರೆಗೆ ಕಾಯಿರಿ. ಸ್ಪೀಚ್ ಥೆರಪಿಸ್ಟ್ ಬಳಿ 15ನೇ ವಯಸ್ಸಿನಲ್ಲೂ ಹೋಗಬಹುದು, ತಡವೇನೂ ಆಗಿಲ್ಲ. ಆದರೆ "ಉಗ್ಗು ಸರಿಯಾದರೆ ಅವರು ರೇಗಿಸುವುದಿಲ್ಲ" ಎಂಬ ದಾರಿಗೆ ಮಾತ್ರ ಹೋಗಬೇಡಿ. ಹಾಗೆ ಹೇಳಿದರೆ ತಪ್ಪು ಅವನದೇ ಎಂದಂತಾಗುತ್ತದೆ.

ಇದು ಖಿನ್ನತೆಯೇ? ಪತ್ರ ಓದಿ ಹೆಸರು ಕೊಡಲು ಬರುವುದಿಲ್ಲ, ನೋಡಲೇಬೇಕು. ಆದರೆ ನೀವು ಬರೆದದ್ದು ಆ ಕಡೆಗೇ ಬೊಟ್ಟು ಮಾಡುತ್ತಿದೆ. ಖಿನ್ನತೆ ಎಂದರೆ ಸದಾ ಅಳುತ್ತಾ ಕೂರುವುದು ಎಂದು ದೊಡ್ಡವರು ಅಂದುಕೊಂಡಿರುತ್ತಾರೆ. ಹರೆಯದಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಕಾಣಿಸುತ್ತದೆ. ರೋಗ ಗುರುತಿಸುವ ವೈದ್ಯಕೀಯ ಮಾನದಂಡದಲ್ಲೇ ಮಕ್ಕಳ ಮಟ್ಟಿಗೆ ಬೇಸರದ ಜಾಗದಲ್ಲಿ ಸಿಡುಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದಿದೆ. ಜೊತೆಗೆ ನಿದ್ದೆ, ಹಸಿವು, ಗಮನ, ಆಸಕ್ತಿ ಇವು ಕೆಟ್ಟು, ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ದಿನಾ ಹಾಗೇ ಇರಬೇಕು. ನೀವು ಆರೇಳು ತಿಂಗಳು ಎನ್ನುತ್ತಿದ್ದೀರಿ.

ಮನೆಯಲ್ಲೇ ನೋಡಬಹುದಾದ ಒಂದು ವಿಷಯ ಹೇಳುತ್ತೇನೆ. ರಜೆಯಲ್ಲಿ ಅವನು ಹೇಗಿರುತ್ತಾನೆ? ರಜೆ ಬಂದ ಕೂಡಲೇ ಹೊಟ್ಟೆನೋವು ಮಾಯವಾಗಿ, ನಕ್ಕು, ಆಡಿ, ಶಾಲೆ ಶುರುವಾಗುವ ಹಿಂದಿನ ರಾತ್ರಿ ಮತ್ತೆ ಮಂಕಾದರೆ ಅದು ಹೆಚ್ಚಾಗಿ ಶಾಲೆಯ ಭಯ. ರಜೆಯಲ್ಲೂ ಅವನಿಗೆ ಇಷ್ಟವಾದದ್ದು ರುಚಿಸದಿದ್ದರೆ ಭಯ ಖಿನ್ನತೆಯಾಗಿ ತಿರುಗಿದೆ ಎಂದು ನಾನು ಅನುಮಾನಿಸುತ್ತೇನೆ. ಹೊಟ್ಟೆನೋವು ನಾಟಕವಲ್ಲ, ನೆನಪಿಡಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ನೋವು ನಿಜವಾಗಿಯೇ ಇರುತ್ತದೆ. ವೈದ್ಯರು ರಕ್ತಹೀನತೆ, ಥೈರಾಯ್ಡ್ ಕೂಡ ಒಮ್ಮೆ ನೋಡಲು ಹೇಳಬಹುದು. ಅವು ಕೂಡ ಮಕ್ಕಳನ್ನು ಸುಸ್ತು, ಮಂಕು ಮಾಡುತ್ತವೆ.

ಇನ್ನು ಮದ್ಯ. ಹರೆಯದ ಮಕ್ಕಳು ಕುಡಿಯುವುದಕ್ಕೆ ಸಾಮಾನ್ಯ ಕಾರಣ ಕುತೂಹಲ. ನಿಮ್ಮ ಮಗನಿಗೆ ಅದರ ಮೇಲೆ ಇನ್ನೆರಡು ಇರಬಹುದು. ಒಂದು, ಕುಡಿದರೆ ಆ ಗುಂಪು ಅವನನ್ನು ಪಕ್ಕ ಕೂರಿಸಿಕೊಳ್ಳುತ್ತದೆ. ನೋಯಿಸುವವರ ಜೊತೆಗೇ ಯಾಕೆ ಹೋಗುತ್ತಾನೆ ಎಂದು ಪೋಷಕರಿಗೆ ಅರ್ಥವೇ ಆಗುವುದಿಲ್ಲ. ಹೊರಗೆ ನಿಂತು ನಗೆಪಾಟಲಾಗುವುದಕ್ಕಿಂತ ಒಳಗೆ ಕೂತು ನಗೆಪಾಟಲಾಗುವುದು ಅವನಿಗೆ ವಾಸಿ ಅನ್ನಿಸಿರುತ್ತದೆ. ಎರಡು, ಒಂದೆರಡು ಗುಟುಕು ಇಳಿದ ಮೇಲೆ ಮಾತಾಡಲು ಭಯವಾಗುವುದಿಲ್ಲ, ಎದೆ ಡವಡವ ಅನ್ನುವುದಿಲ್ಲ. ಅವನ ಲೆಕ್ಕದಲ್ಲಿ ಅದು ಔಷಧ.

ತೊಂದರೆ ಏನೆಂದರೆ ಆ ಔಷಧ ಬೆಳಗಾಗುವಷ್ಟರಲ್ಲಿ ರೋಗವನ್ನೇ ಹೆಚ್ಚಿಸುತ್ತದೆ. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಒಡೆದುಹಾಕುತ್ತದೆ. ಮರುದಿನ ಮನಸ್ಸು ಇನ್ನಷ್ಟು ಕೆಳಗಿಳಿದಿರುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ದೊಡ್ಡವರಿಗೆ ಜಾಸ್ತಿಯಾದರೆ ತೂಕಡಿಕೆ ಬರುತ್ತದೆ, ಕಾಲು ತಡವರಿಸುತ್ತದೆ. ದೇಹವೇ ಸಾಕು ಎನ್ನುತ್ತದೆ. ಬೆಳೆಯುವ ಮಿದುಳಿಗೆ ಈ ಎಚ್ಚರಿಕೆ ದುರ್ಬಲ. ಹಾಗಾಗಿ "ನನಗೇನೂ ಆಗಲ್ಲ" ಎಂದು ಹುಡುಗರು ಹೆಚ್ಚು ಹೆಚ್ಚು ಕುಡಿಯುತ್ತಾರೆ. ಆದರೆ ನೆನಪಿನ ಶಕ್ತಿಗೆ ಆಗುವ ಪೆಟ್ಟು ಕಡಿಮೆಯಾಗುವುದಿಲ್ಲ. ಮುಂದಾಲೋಚನೆ, ಹಿಡಿತ ಇವನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ 25ರ ಆಸುಪಾಸಿನಲ್ಲಿ.

ಕುಡಿತಕ್ಕೆ ಬಿದ್ದುಬಿಟ್ಟನೇ ಎಂದು ಕೇಳಿದ್ದೀರಿ. ಬಾಟಲಿ ಸಿಕ್ಕಿತು ಎಂಬುದರಿಂದಲೇ ಅದನ್ನು ಹೇಳಲಾಗದು. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಒಬ್ಬನೇ ಕುಡಿಯುತ್ತಾನಾ, ಗುಂಪಿನಲ್ಲಿ ಮಾತ್ರವಾ? ಯಾವ ಹೊತ್ತಿನಲ್ಲಿ? ಮನಸ್ಸಿನ ಭಾರ ಇಳಿಸಲು ಕುಡಿಯುತ್ತಾನಾ? ಕುಡಿದಾಗಿನದು ಮರೆತುಹೋದದ್ದು ಇದೆಯಾ? ಮೊದಲಿನಷ್ಟೇ ಕುಡಿದರೆ ಸಾಕಾಗುತ್ತಿಲ್ಲವಾ? ಸ್ಕೂಲ್ ಬ್ಯಾಗಿನಲ್ಲಿ, ಗುರುತು ಸಿಗದ ಹಾಗೆ ಬೆರೆಸಿ ಇಟ್ಟುಕೊಂಡಿದ್ದ ಎನ್ನುವುದು ನನಗೆ ಅಷ್ಟು ಸಮಾಧಾನದ ಸಂಗತಿಯಲ್ಲ. ತರಗತಿಗೆ ಹೋಗುವ ಧೈರ್ಯಕ್ಕಾಗಿ ಕುಡಿಯುತ್ತಿದ್ದರೆ ತಡ ಮಾಡುವಂತಿಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 14 ಅಥವಾ ಅದಕ್ಕೂ ಮೊದಲು ಕುಡಿಯಲು ಶುರು ಮಾಡಿದವರಲ್ಲಿ ಶೇ 40ರಷ್ಟು ಜನ ಬದುಕಿನ ಯಾವುದಾದರೂ ಹಂತದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಅದು ಶೇ 10ರಷ್ಟು. ಬೇಗ ಶುರು ಮಾಡುವ ಮಕ್ಕಳ ಬದುಕಿನಲ್ಲಿ ಬೇರೆ ಕಷ್ಟಗಳೂ ಜಾಸ್ತಿ ಇರುತ್ತವೆ, ಹಾಗಾಗಿ ಇದು ಹಣೆಬರಹವಲ್ಲ. ಅರ್ಧಕ್ಕಿಂತ ಹೆಚ್ಚು ಜನ ದಾಸರಾಗಲಿಲ್ಲ ಎಂದೂ ಅದೇ ಅಂಕಿ ಹೇಳುತ್ತದೆ.

"ಹೊರಗೆ ಕುಡಿಯುವ ಬದಲು ಮನೆಯಲ್ಲೇ ಸ್ವಲ್ಪ ಕೊಟ್ಟರೆ ಹದ್ದುಬಸ್ತಿನಲ್ಲಿರುತ್ತಾನೆ" ಎಂದು ಯಾರಾದರೂ ಬುದ್ಧಿ ಹೇಳಬಹುದು. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೋಷಕರೇ ಕೊಟ್ಟದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಅಂಥ ಮಕ್ಕಳಲ್ಲಿ ಅತಿಯಾಗಿ ಕುಡಿಯುವುದು, ಅದರಿಂದ ತೊಂದರೆಗಳು ಹೆಚ್ಚೇ ಇದ್ದವು.

ಸರಿ, ಈಗ ಏನು ಮಾಡಬಹುದು?

ಶಾಲೆಯಿಂದ ಶುರು ಮಾಡೋಣ. ಹೋಗುವ ಮುಂಚೆ ಮಗನಿಗೆ ಹೇಳಿ. ಅವನು ಬೇಡ ಎನ್ನುತ್ತಾನೆ. "ಹೇಳಿಕೊಟ್ಟ" ಎಂಬ ಹೊಸ ಹೆಸರು ಬರುತ್ತದೆ ಎಂಬ ಭಯ ಅವನಿಗೆ. ಆ ಭಯ ಸುಳ್ಳಲ್ಲ. ಹೋಗಬೇಕೋ ಬೇಡವೋ ಎನ್ನುವುದನ್ನು ಅವನ ತೀರ್ಮಾನಕ್ಕೆ ಬಿಡಬೇಡಿ, ಹೇಗೆ ಹೋಗಬೇಕು ಎನ್ನುವುದನ್ನು ಅವನನ್ನು ಕೇಳಿಯೇ ಮಾಡಿ. ಗ್ರೂಪಿನ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕದ ಸಮೇತ ಇಟ್ಟುಕೊಳ್ಳಿ, ಆಡಿಯೋ ಡಿಲೀಟ್ ಮಾಡಬೇಡಿ. ಕ್ಲಾಸ್ ಟೀಚರ್ ಮತ್ತು ಮುಖ್ಯೋಪಾಧ್ಯಾಯರ ಮುಂದೆ ಇಡಿ, ದೂರನ್ನು ಬರಹದಲ್ಲೇ ಕೊಡಿ. ಆಡಿಯೋ ಎಲ್ಲ ಕಡೆಯಿಂದ ತೆಗೆಸುವುದು, ಅವನ ಮೇಲೆ ಕಣ್ಣಿಡುವ ಒಬ್ಬ ಶಿಕ್ಷಕರು, ಎರಡು ವಾರದ ಮೇಲೆ ಮತ್ತೊಂದು ಭೇಟಿ, ಇಷ್ಟನ್ನು ಕೇಳಿ. ಆ ಹುಡುಗರ ಮನೆಗೆ ನೀವೇ ಜಗಳಕ್ಕೆ ಹೋಗಬೇಡಿ.

ಶಾಲೆಯವರು "ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತೇವೆ" ಎಂದರೆ ಒಪ್ಪಬೇಡಿ. ರಾಜಿ ನಡೆಯುವುದು ಸಮಾನರ ನಡುವೆ. ಇಲ್ಲಿ ನಿಮ್ಮ ಮಗ ಒಬ್ಬ, ಆ ಕಡೆ ಒಂದು ಗುಂಪು. ಎಲ್ಲರ ಮುಂದೆ ಕೈ ಕುಲುಕಿಸಿ ಕಳಿಸಿದರೆ ಹೊರಗೆ ಬಂದ ಮೇಲೆ ಇನ್ನೂ ಕೆಟ್ಟದಾಗುತ್ತದೆ. ಸುಮ್ಮನೆ ನೋಡುತ್ತಾ ನಿಲ್ಲುವ ಮಕ್ಕಳನ್ನು ಎಬ್ಬಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಕೆನಡಾದ ಸಂಶೋಧಕರು ಆಟದ ಮೈದಾನಗಳಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನು ಪರಿಶೀಲಿಸಿದಾಗ, ಬೇರೊಬ್ಬ ಹುಡುಗನೋ ಹುಡುಗಿಯೋ ನಡುವೆ ಬಂದ ಸಂದರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಕಿರುಕುಳ ಹತ್ತೇ ಸೆಕೆಂಡಿನಲ್ಲಿ ನಿಂತಿತ್ತು. ನಿಮ್ಮ ಮಗನ ತರಗತಿಯಲ್ಲಿ ಅವನ ಜೊತೆ ಕೂರುವ ಒಬ್ಬ ಒಳ್ಳೆಯ ಹುಡುಗ ಸಿಕ್ಕರೂ ಸಾಕು. ಶಿಕ್ಷಕರು ಮನಸ್ಸು ಮಾಡಿದರೆ ಜಾಗ ಬದಲಿಸಿ ಅದನ್ನು ಸದ್ದಿಲ್ಲದೆ ಮಾಡಬಹುದು.

ಶಾಲೆ ಬದಲಿಸುವುದು ಕೊನೆಯ ಆಯ್ಕೆ, ಆದರೆ ಅದು ಸೋಲಲ್ಲ. ಶಾಲೆ ಕೈಕಟ್ಟಿ ಕೂತರೆ ಬದಲಿಸಿ. ಅಪಾಯ ಏನೆಂದರೆ, ಫೋನ್ ಅದೇ ಇರುತ್ತದೆ, ಆಡಿಯೋ ಹಿಂದೆಯೇ ಬರಬಹುದು. ಖಿನ್ನತೆಗೆ ಚಿಕಿತ್ಸೆ ಆಗದಿದ್ದರೆ ಹೊಸ ಕಡೆಯೂ ಒಬ್ಬನೇ ಮೂಲೆ ಸೇರುತ್ತಾನೆ. ಅವನೇ ಕೇಳಿದರೆ ನಾನು ಹೆಚ್ಚು ಒಲವು ತೋರಿಸುತ್ತೇನೆ. ಫೋನ್ ಕಿತ್ತುಕೊಳ್ಳುವುದು ಮಾತ್ರ ಬೇಡ. ಮಕ್ಕಳು ಇಂಥದ್ದನ್ನು ಮುಚ್ಚಿಡುವುದಕ್ಕೆ ಫೋನ್ ಹೋಗುತ್ತದೆ ಎಂಬ ಹೆದರಿಕೆಯೂ ಒಂದು ಕಾರಣ. ರಾತ್ರಿ ಮನೆಯವರ ಫೋನೆಲ್ಲ, ನಿಮ್ಮದೂ ಸೇರಿ, ಹಾಲ್‌ನಲ್ಲಿರಲಿ ಎಂಬ ನಿಯಮ ಬೇರೆ. ಅದು ಶಿಕ್ಷೆಯಂತೆ ಕಾಣುವುದಿಲ್ಲ.

ಚಿಕಿತ್ಸೆಗೆ ಮಕ್ಕಳನ್ನು ನೋಡಿ ಅನುಭವವಿರುವ ಮನೋವೈದ್ಯರ ಬಳಿ ಹೋಗಿ. ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆಯೊಂದೇ (ಉಗ್ಗಿಗೆ ಕೊಡುವ ಸ್ಪೀಚ್ ಥೆರಪಿಯಲ್ಲ, ಮಾತಾಡುತ್ತಾ ಮನಸ್ಸಿನ ಕಷ್ಟಕ್ಕೆ ಕೊಡುವ ಚಿಕಿತ್ಸೆ) ಸಾಕಾಗಬಹುದು. ಮಧ್ಯಮ ಅಥವಾ ತೀವ್ರವಾದರೆ ಮಾತ್ರೆಯೂ ಬೇಕಾಗಬಹುದು. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 12 ವಾರಗಳ ಕೊನೆಗೆ ಫ್ಲೂಯಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಪಡೆದವರಲ್ಲಿ ಶೇ 71ರಷ್ಟು ಮಕ್ಕಳು ಸಾಕಷ್ಟು ಸುಧಾರಿಸಿದ್ದರು. ಮಾತ್ರೆ ಮಾತ್ರ ಪಡೆದವರಲ್ಲಿ ಶೇ 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 43, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ 35.

ಈ ಮಾತ್ರೆಗೆ ಮದ್ಯದಂತೆ ಅಂಟಿಕೊಳ್ಳುವುದಿಲ್ಲ. ಇನ್ನೂ ಬೇಕು, ಇನ್ನೂ ಬೇಕು ಅನ್ನಿಸುವುದಿಲ್ಲ. ಆದರೆ ಚೆನ್ನಾಗಿದ್ದಾನೆಂದು ನೀವೇ ನಿಲ್ಲಿಸಬೇಡಿ, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಮುಚ್ಚಿಡಬಾರದ ಅಪಾಯವೊಂದಿದೆ. ಖಿನ್ನತೆಯ ಮಾತ್ರೆಗಳ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದಾಗ, ಮಾತ್ರೆ ಪಡೆದ ಮಕ್ಕಳಲ್ಲಿ ಶೇ 4ರಷ್ಟು ಮಂದಿಗೆ ಸಾಯುವ ಯೋಚನೆ ಅಥವಾ ಅಂಥ ವರ್ತನೆ ಕಂಡಿತ್ತು, ಹುಸಿ ಮಾತ್ರೆಯವರಲ್ಲಿ ಶೇ 2. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸತ್ತಿರಲಿಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹಾಕಿಸಿತು. ಹಾಗಾಗಿ ಮೊದಲ ಕೆಲವು ವಾರ ಮತ್ತು ಡೋಸ್ ಬದಲಾದಾಗ ಅವನನ್ನು ಹತ್ತಿರದಿಂದ ನೋಡಿಕೊಳ್ಳಬೇಕು. ಚಡಪಡಿಕೆ, ನಿದ್ದೆಯಿಲ್ಲದಿರುವುದು ಇದ್ದಕ್ಕಿದ್ದಂತೆ ಹೆಚ್ಚಾದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಮಾತ್ರೆ ಡಬ್ಬಿ ನಿಮ್ಮ ಬಳಿಯೇ ಇರಲಿ.

ಕುಡಿತಕ್ಕೆ ಬೇರೆಯಾಗಿ "ಮೊದಲು ಅದನ್ನು ಬಿಡಿಸಿ, ಆಮೇಲೆ ಖಿನ್ನತೆ" ಎಂದು ಕೂರಬೇಡಿ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಕುಡಿತ ಬಿಡಿಸುವ ಪುಡಿಗಳ ತಂಟೆಗೆ ಹೋಗಲೇಬೇಡಿ. ಅವುಗಳಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮದ್ಯದ ಜೊತೆ ಸೇರಿದರೆ ದೇಹದಲ್ಲಿ ತೀವ್ರ ಪ್ರತಿಕ್ರಿಯೆ ತರುವ ಡೈಸಲ್ಫಿರಾಂನಂಥ ಔಷಧವಿದ್ದು, ತಿಳಿಯದೆ ಅವನು ಕುಡಿದರೆ ಜೀವಕ್ಕೇ ಅಪಾಯ. ಸಣ್ಣ ಹುಡುಗನನ್ನು ದೊಡ್ಡ ಕುಡುಕರ ಜೊತೆ ಕುಡಿತ ಬಿಡಿಸುವ ಕೇಂದ್ರದಲ್ಲಿ ತಿಂಗಳುಗಟ್ಟಲೆ ಬಿಡುವುದೂ ಬೇಡ. ದಾರಿ ತಪ್ಪಿದ ಮಕ್ಕಳನ್ನೇ ಒಂದು ಗುಂಪು ಮಾಡಿ ಕೂರಿಸಿದರೆ ಒಬ್ಬರಿಂದೊಬ್ಬರು ಕಲಿತು ಸಮಸ್ಯೆ ಹೆಚ್ಚಾಗುವುದನ್ನು ಸಂಶೋಧಕರು ಗುರುತಿಸಿದ್ದಾರೆ.

ನಿಮ್ಮ ಯಜಮಾನರಿಗೆ ಈ ಉತ್ತರ ಓದಲು ಕೊಡಿ. ಸರ್, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ, ಬೆಲ್ಟ್ ಎತ್ತಿದ್ದು ಆ ಹೆದರಿಕೆಯೇ. ಆದರೆ ಅವನು ದಿನಾ ಶಾಲೆಯಲ್ಲಿ ನೋಡುತ್ತಿರುವುದೂ ಇದನ್ನೇ: ಬಲ ಇದ್ದವನು ಹೊಡೆಯುತ್ತಾನೆ. ಅವನ ಹತ್ತಿರ ಹೋಗಿ "ಹೊಡೆದದ್ದು ನನ್ನ ತಪ್ಪು. ಆ ಆಡಿಯೋ ವಿಷಯ ಈಗ ಗೊತ್ತಾಯಿತು. ಅದನ್ನು ನಿಲ್ಲಿಸೋದು ನಮ್ಮ ಕೆಲಸ" ಎಂದರೆ ಸಾಕು. ಕುಡಿತದ ವಿಷಯದಲ್ಲಿ ನಿಯಮ ಗಟ್ಟಿಯಾಗಿಯೇ ಇರಲಿ. ಈ ಮನೆಯಲ್ಲಿ ಈ ವಯಸ್ಸಿಗೆ ಮದ್ಯ ಇಲ್ಲ. ಕುಡಿದು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎಷ್ಟು ಹೊತ್ತಾದರೂ ಫೋನ್ ಮಾಡಬೇಕು, ಬಂದು ಕರೆದುಕೊಂಡು ಹೋಗುತ್ತೀರಿ, ಬೈಗುಳ ಅವತ್ತು ಇಲ್ಲ. ಮನೆಯಲ್ಲಿ ನೀವು ಕುಡಿಯುವ ಅಭ್ಯಾಸವಿದ್ದರೆ ಸದ್ಯಕ್ಕೆ ಅದನ್ನೂ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ.

ವೈದ್ಯರ ಬಳಿ ಹೋಗುವಾಗ ಯಾವ ತಿಂಗಳಿಂದ ಏನು ಬದಲಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸ್ವಲ್ಪ ಹೊತ್ತು ಅವನೊಬ್ಬನನ್ನೇ ಒಳಗೆ ಬಿಟ್ಟು ನೀವಿಬ್ಬರೂ ಹೊರಗೆ ಕೂರಿ. ಜೀವಕ್ಕೆ ಅಪಾಯವಿದ್ದರೆ ವೈದ್ಯರು ನಿಮಗೆ ಹೇಳಿಯೇ ಹೇಳುತ್ತಾರೆ. ಉಳಿದದ್ದು ಅವರಿಬ್ಬರ ನಡುವೆ ಇರಲಿ. ವಾಪಸ್ ಬರುವಾಗ ದಾರಿಯಲ್ಲಿ "ಒಳಗೆ ಏನು ಹೇಳ್ದೆ?" ಎಂದು ಮಾತ್ರ ಕೇಳಬೇಡಿ.